ತರಿಯೂ ಅಲ್ಲ, ಜೌಗೂ ಅಲ್ಲ: ಬಯಲುಸೀಮೆಯ ಕೆರೆ ಯಾವ ಪಟ್ಟಿಗೆ?

ಮೂರು ವಿಧದ ಜಮೀನು ನಮ್ಮ ಪಹಣಿಗಳಿಗೆ ಗೊತ್ತು: ಖುಷ್ಕಿ, ತರಿ, ಬಾಗಾಯ್ತು. ತರಿ ಎಂದರೆ ನೀರು ಕಟ್ಟಿ ಬೆಳೆಯುವ ಗದ್ದೆ. ಕಂದಾಯ ಇಲಾಖೆ ಅದನ್ನು ಇಂಗ್ಲಿಷಿನಲ್ಲಿ 'ವೆಟ್ ಲ್ಯಾಂಡ್' ಎಂದು ಬರೆಯುತ್ತ ಬಂದಿದೆ. ಪರಿಸರ ಇಲಾಖೆಗೂ ಒಂದು 'ವೆಟ್‌ಲ್ಯಾಂಡ್' ಇದೆ. ಆದರೆ ಅದರ ನಿಯಮ ಆರಂಭದಲ್ಲೇ ಭತ್ತದ ಗದ್ದೆಯನ್ನು ಹೊರಗಿಡುತ್ತದೆ. ಹೀಗೆ ಒಂದು ಇಲಾಖೆಗೆ ಯಾವುದು ವೆಟ್ ಲ್ಯಾಂಡೋ ಇನ್ನೊಂದಕ್ಕೆ ಖಂಡಿತವಾಗಿ ಅದು ಅಲ್ಲ.

ಕನ್ನಡದಲ್ಲಿ ಈ ಗೊಂದಲ ಬೇಡವೆಂದು ನಾವು 'ಜೌಗು ಪ್ರದೇಶ' ಎಂದೆವು. ಅದರಿಂದ ಇನ್ನೊಂದು ಗೊಂದಲ ಹುಟ್ಟಿತು. ದಾವಣಗೆರೆ, ಹರಿಹರ, ಚನ್ನಗಿರಿಯ ಭದ್ರಾ ಅಚ್ಚುಕಟ್ಟಿನ ರೈತರ ಬಾಯಲ್ಲಿ ಜೌಗು ಎಂಬುದು ನೆಲಕ್ಕೆ ಬಂದ ರೋಗ. ಕಾಲುವೆ ನೀರು ಹೆಚ್ಚಾಗಿ, ಬಸಿಗಾಲುವೆ ಮುಚ್ಚಿ, ಉಪ್ಪು ಮೇಲೆದ್ದ ಹೊಲವನ್ನು 'ಸವಳು-ಜೌಗು' ಎನ್ನುತ್ತಾರೆ. ಅದನ್ನು ಹೋಗಲಾಡಿಸಲು ಸರ್ಕಾರವೇ ಹಣ ಕೊಡುತ್ತದೆ. ಜೌಗನ್ನು ಉಳಿಸಿ ಎಂದು ಇನ್ನೊಂದು ಇಲಾಖೆ ಬಂದು ಹೇಳಿದರೆ ಕೇಳುವವರು ಯಾರು?

ಒಮ್ಮೆ ಜನವರಿಯ ಹಕ್ಕಿ ಎಣಿಕೆಗೆಂದು ಹರಿಹರದ ಕಡೆಯ ಕೆರೆಯೊಂದರ ಏರಿಯ ಮೇಲೆ ನಿಂತಿದ್ದೆ. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು ಏನು ಬರೆದುಕೊಳ್ಳುತ್ತಿದ್ದೀರಿ ಎಂದು ಕೇಳಿದರು. ಜೌಗು ಪ್ರದೇಶದ ಸಮೀಕ್ಷೆ ಎಂದೆ. ಅವರು ನನ್ನನ್ನೂ ನೀರನ್ನೂ ಒಮ್ಮೆ ನೋಡಿ, "ಇದು ಜೌಗಲ್ಲ ಸ್ವಾಮಿ, ಕೆರೆ" ಎಂದು ತಿದ್ದಿದರು.

ಆ ತಿದ್ದುಪಡಿಯನ್ನು ಆಗ ನಗುತ್ತ ಒಪ್ಪಿಕೊಂಡೆ. ನಿಯಮಗಳನ್ನು ಓದಿದ ಮೇಲೆ ಅದು ನಗುವ ಮಾತಲ್ಲ ಎನಿಸಿತು. ಒಂದು ನೀರಿನ ಜಾಗವನ್ನು ಸರ್ಕಾರ ಏನೆಂದು ಕರೆಯುತ್ತದೆ, ಯಾವ ಕಲಮಿನಲ್ಲಿ ಸೇರಿಸುತ್ತದೆ ಎಂಬುದರ ಮೇಲೆಯೇ ಅದಕ್ಕೆ ಯಾವ ಕಾನೂನಿನ ನೆರಳು ಸಿಗುತ್ತದೆ ಎಂಬುದು ನಿಂತಿದೆ. ದಾವಣಗೆರೆ–ಚಿತ್ರದುರ್ಗದಂಥ ಸೀಮೆಯಲ್ಲಿ ನಿಂತ ನೀರೆಲ್ಲ ಮನುಷ್ಯ ಕಟ್ಟಿ ನಿಲ್ಲಿಸಿದ್ದು. ಸೂಳೆಕೆರೆ, ಕೊಂಡಜ್ಜಿ, ಬಾತಿ, ಭೀಮಸಮುದ್ರ, ಭರಮಸಾಗರ, ಜಗಳೂರು ಕೆರೆ, ಚಳ್ಳಕೆರೆಯ ರಾಣಿಕೆರೆ, ಹಿರಿಯೂರಿನ ಮಾರಿಕಣಿವೆ ಎಂದು ಎಣಿಸುತ್ತ ಹೋದರೆ ದೇವರು ಮಾಡಿದ ಸರೋವರ ಒಂದೂ ಸಿಗುವುದಿಲ್ಲ. ಈ ಸಂಗತಿಯೇ ನಮ್ಮ ಕೆರೆಗಳಿಗೆ ತೊಡಕಾಗಿದೆ.

ಜಗತ್ತಿನ ಮಟ್ಟದ ವ್ಯಾಖ್ಯೆಯಲ್ಲಿ ಈ ತೊಡಕಿಲ್ಲ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸರ್ ಪಟ್ಟಣದಲ್ಲಿ ಸಹಿಯಾದ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. ಆ ಒಪ್ಪಂದದ ಮಾತು ಧಾರಾಳವಾಗಿದೆ: ಸಹಜವಾಗಿರಲಿ, ಕಟ್ಟಿದ್ದಿರಲಿ, ವರ್ಷವಿಡೀ ನೀರಿರಲಿ, ಕೆಲವು ತಿಂಗಳು ಮಾತ್ರ ಇರಲಿ, ನಿಂತಿರಲಿ, ಹರಿಯುತ್ತಿರಲಿ, ಸಿಹಿಯಾಗಿರಲಿ, ಉಪ್ಪಾಗಿರಲಿ, ಎಲ್ಲವೂ ಒಳಗೆ. ಸಮುದ್ರವನ್ನೂ ಇಳಿತದ ಹೊತ್ತಿನ ಆರು ಮೀಟರ್ ಆಳದವರೆಗೆ ಸೇರಿಸಿಕೊಂಡಿದ್ದಾರೆ. ಹೊಸದುರ್ಗದ ಕಡೆ ಮಳೆಗಾಲದಲ್ಲಿ ಮೂರು ತಿಂಗಳು ನೀರು ನಿಂತು ಆಮೇಲೆ ಬಿರುಕು ಬಿಡುವ ಗೋಕಟ್ಟೆಯೂ ಈ ವ್ಯಾಖ್ಯೆಯೊಳಗೆ ಆರಾಮವಾಗಿ ಕೂರುತ್ತದೆ.

ನಮ್ಮ ದೇಶದ ಎಣಿಕೆಯೂ ಧಾರಾಳವಾಗಿಯೇ ಶುರುವಾಯಿತು. ಅಹಮದಾಬಾದಿನಲ್ಲಿರುವ ಇಸ್ರೋದ ಬಾಹ್ಯಾಕಾಶ ಅನ್ವಯ ಕೇಂದ್ರ 2006–07ರ ಉಪಗ್ರಹ ಚಿತ್ರಗಳನ್ನು ಬಳಸಿ 2011ರಲ್ಲಿ ರಾಷ್ಟ್ರೀಯ ನಕಾಶೆ ಸಂಪುಟ ಹೊರತಂದಿತು. ಅದರಲ್ಲಿ ಒಟ್ಟು ಹತ್ತೊಂಬತ್ತು ವರ್ಗಗಳಿವೆ. ಮೊದಲು ಒಳನಾಡು, ಕರಾವಳಿ ಎಂದು ಎರಡು ಭಾಗ. ಆಮೇಲೆ ಪ್ರತಿಯೊಂದರಲ್ಲಿ ಸಹಜ, ಮಾನವನಿರ್ಮಿತ ಎಂದು ಮತ್ತೆ ಎರಡು. ಒಳನಾಡಿನ ಮಾನವನಿರ್ಮಿತಗಳಲ್ಲಿ ಜಲಾಶಯ, ಕೆರೆ-ಕಟ್ಟೆ, ಉಪ್ಪಿನ ಮಡಿ ಮತ್ತು, ಇದು ಗಮನಿಸಬೇಕಾದ್ದು, ನೀರು ನಿಂತು ಕೆಟ್ಟ ನೆಲ. ಅಂದರೆ ಭದ್ರಾ ಅಚ್ಚುಕಟ್ಟಿನ ರೈತರು ಶಾಪ ಹಾಕುವ ಆ ಜೌಗು ಇಸ್ರೋ ಲೆಕ್ಕದಲ್ಲಿ ನಿಜವಾಗಿಯೂ ಜೌಗು ಪ್ರದೇಶವೇ! ಮಳೆಗಾಲಕ್ಕೆ ಮುಂಚಿನ ಚಿತ್ರ, ಮಳೆಗಾಲದ ನಂತರದ ಚಿತ್ರ ಎರಡನ್ನೂ ಇಟ್ಟುಕೊಂಡು ತೆರೆದ ನೀರು ಎಷ್ಟು, ಜೊಂಡು-ಅಂತರಗಂಗೆ ಎಷ್ಟು, ನೀರು ಎಷ್ಟು ಕದಡಿದೆ ಎಂದೂ ಗುರುತಿಸಿದರು. ಇಡೀ ದೇಶಕ್ಕೆ ಒಂದೇ ಅಳತೆಗೋಲು ಹಿಡಿದು ಮಾಡಿದ ಕೆಲಸ ಎಂಬ ಕಾರಣಕ್ಕೆ ಅದಕ್ಕೆ ಬೆಲೆಯಿದೆ.

ಆ ಸಂಪುಟದಿಂದ ಹೊರಬಂದ ಒಂದು ಅಂಕಿ ಇಂದು ನ್ಯಾಯಾಲಯದ ಆದೇಶಗಳಲ್ಲೂ ಪತ್ರಿಕೆಗಳಲ್ಲೂ ಓಡಾಡುತ್ತಿದೆ: 2.25 ಹೆಕ್ಟೇರ್. ಅದಕ್ಕಿಂತ ದೊಡ್ಡದಾದ ನೀರಿನ ಜಾಗಗಳು 2,01,503 ಎಂದು ಸಂಪುಟ ಹೇಳಿತು. ಅದಕ್ಕಿಂತ ಸಣ್ಣವು ಐದೂವರೆ ಲಕ್ಷಕ್ಕೂ ಹೆಚ್ಚು. ಅವುಗಳನ್ನು ನಕ್ಷೆಯಲ್ಲಿ ಬರೀ ಚುಕ್ಕಿಯಾಗಿ ತೋರಿಸಲಾಯಿತು. ಈ 2.25 ಎಲ್ಲಿಂದ ಬಂತು? ನಕ್ಷೆಯ ಪ್ರಮಾಣ ಐವತ್ತು ಸಾವಿರಕ್ಕೆ ಒಂದು. ಕಾಗದದ ಮೇಲೆ ಮೂರು ಮಿಲಿಮೀಟರ್ ಎಂದರೆ ನೆಲದ ಮೇಲೆ ನೂರೈವತ್ತು ಮೀಟರ್. ಮೂರು ಮಿಲಿಮೀಟರ್ ಉದ್ದ, ಅಷ್ಟೇ ಅಗಲದ ಚೌಕ ನೆಲದ ಮೇಲೆ 22,500 ಚದರ ಮೀಟರ್, ಅಂದರೆ ಸರಿಯಾಗಿ 2.25 ಹೆಕ್ಟೇರ್. ನಮ್ಮ ಲೆಕ್ಕದಲ್ಲಿ ಐದೂವರೆ ಎಕರೆ ಚಿಲ್ಲರೆ. ಇದರಲ್ಲಿ ಜೀವಶಾಸ್ತ್ರವೂ ಇಲ್ಲ, ಜಲಶಾಸ್ತ್ರವೂ ಇಲ್ಲ. ನಕ್ಷೆಯಲ್ಲಿ ಗೆರೆ ಎಳೆದು ತೋರಿಸಬಹುದಾದ ಅತಿ ಸಣ್ಣ ಆಕೃತಿಯ ಗಾತ್ರ ಅದು. ಕಾಗದದ ಆ ಮಿತಿ ಈಗ ರಕ್ಷಣೆಯ ಮಿತಿಯಾಗಿದೆ. ಮೊಳಕಾಲ್ಮೂರಿನ ನಾಲ್ಕೆಕರೆ ಗೋಕಟ್ಟೆ ಚುಕ್ಕಿಯ ಸಾಲಿಗೆ ಬಿತ್ತು. ಪಕ್ಕದ ಊರಿನ ಆರೆಕರೆ ಕಟ್ಟೆ ಸುಪ್ರೀಂ ಕೋರ್ಟಿನ ಗಮನಕ್ಕೆ ಬಿತ್ತು. ಎರಡರಲ್ಲೂ ಕುರಿಗಳು ನೀರು ಕುಡಿಯುತ್ತವೆ.

2017–18ರ ಚಿತ್ರಗಳಿಂದ ಮಾಡಿದ ಹೊಸ ಎಣಿಕೆಯಲ್ಲಿ ದೊಡ್ಡವುಗಳ ಸಂಖ್ಯೆ 2,31,195ಕ್ಕೆ ಏರಿತು. ಆ ಚಿತ್ರಗಳು ತೆಗೆದದ್ದು 2016ರ ಭೀಕರ ಬರದ ಬೆನ್ನಿಗೆ. ಬಯಲುಸೀಮೆಯಲ್ಲಿ ವರ್ಷಗಟ್ಟಲೆ ನೀರು ಕಾಣದ ಕೆರೆಯ ಅಂಗಳಕ್ಕೂ ಪಕ್ಕದ ಹೊಲಕ್ಕೂ ಮೇಲಿನಿಂದ ನೋಡಿದರೆ ಏನು ವ್ಯತ್ಯಾಸ? ಜಾಲಿ ಬೆಳೆದ ಅಂಗಳದಲ್ಲಿ ಏರಿಯ ಗೆರೆ ಕಂಡರೆ ಕೆರೆ, ಕಾಣದಿದ್ದರೆ ಬಯಲು. ಅದಕ್ಕೇ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಈ 2.31 ಲಕ್ಷ ಜಾಗಗಳಿಗೂ ಹೋಗಿ ನೆಲದ ಮೇಲೆ ನಿಂತು ನೋಡಿ, ಗಡಿ ಗುರುತು ಮಾಡಿ ಎಂದು ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು. ಒಂದೇ ಕೆರೆಯ ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕರ ದಾರಿ ಕಾದವರಿಗೆ ಈ ಮೂರು ತಿಂಗಳ ಗಡುವಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಎಣಿಕೆ ಒಂದು ಹಂತವಾದರೆ, ಎಣಿಸಿದ್ದನ್ನು ಕಾನೂನಿನ ರಕ್ಷಣೆಗೆ ತರುವುದು ಇನ್ನೊಂದು. ಕೇಂದ್ರದ ಮೊದಲ ನಿಯಮಗಳು 2010ರಲ್ಲಿ ಬಂದವು. ಅವುಗಳಲ್ಲಿ ಕೆರೆ, ಜಲಾಶಯ, ಮಾನವನಿರ್ಮಿತ ಜಲಪ್ರದೇಶಗಳು ಹೆಸರು ಹಿಡಿದು ಒಳಗಿದ್ದವು. ಹೊರಗಿದ್ದವು ನದಿಯ ಮುಖ್ಯ ಪಾತ್ರ, ಭತ್ತದ ಗದ್ದೆ, ಕರಾವಳಿ ನಿಯಮದಡಿ ಬರುವ ಜಾಗಗಳು. ರಕ್ಷಣೆಗೆ ವಿಸ್ತೀರ್ಣದ ಮೆಟ್ಟಿಲಿತ್ತು: ಎತ್ತರದ ಪರ್ವತ ಪ್ರದೇಶ ಬಿಟ್ಟರೆ ಐನೂರು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗಗಳು. ಎರಡು ಸಾವಿರ ಹೆಕ್ಟೇರಿಗೂ ಮಿಕ್ಕಿದ ಸೂಳೆಕೆರೆ ಈ ಮೆಟ್ಟಿಲನ್ನು ಸಲೀಸಾಗಿ ಹತ್ತುತ್ತಿತ್ತು.

2017ರ ಸೆಪ್ಟೆಂಬರಿನಲ್ಲಿ ಬಂದ ಹೊಸ ನಿಯಮಗಳು ಆ ವಿಸ್ತೀರ್ಣದ ಮೆಟ್ಟಿಲನ್ನು ತೆಗೆದು ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟವು. ಇದು ಒಳ್ಳೆಯದೇ. ಆದರೆ ವ್ಯಾಖ್ಯೆಯ ಬಾಲದಲ್ಲಿ ಒಂದು ಪಟ್ಟಿ ಸೇರಿಕೊಂಡಿತು: ನದಿ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದೇ ಕಟ್ಟಿದ ಜಲಾಶಯ, ಮೀನು ಸಾಕಣೆ, ಉಪ್ಪು ತಯಾರಿ, ವಿಹಾರ ಮತ್ತು ನೀರಾವರಿಗೆಂದೇ ಕಟ್ಟಿದ ರಚನೆಗಳು, ಇವು ಯಾವುವೂ ಲೆಕ್ಕಕ್ಕಿಲ್ಲ.

ಈ ಪಟ್ಟಿಯನ್ನು ಹಿಡಿದುಕೊಂಡು ದಾವಣಗೆರೆಯಿಂದ ಹೊರಟರೆ ಏನಾಗುತ್ತದೆ ನೋಡಿ. ನಗರದ ಅಂಚಿನ ಕುಂದವಾಡ ಕೆರೆ ಊರಿಗೆ ಕುಡಿಯುವ ನೀರು ಕೊಡುತ್ತದೆ, ಹೊರಗೆ. ಹೆದ್ದಾರಿ ಪಕ್ಕದ ಬಾತಿ ಕೆರೆಗೂ ಅತ್ತ ಕೊಂಡಜ್ಜಿ ಕೆರೆಗೂ ಏರಿ, ತೂಬು, ಅಚ್ಚುಕಟ್ಟು ಇವೆ, ಹೊರಗೆ. ಮಾರಿಕಣಿವೆ ಜಲಾಶಯ, ಹೊರಗೆ. ಹರಿಹರದ ತುಂಗಭದ್ರೆ ನದಿ, ಅದಂತೂ ಹೊರಗೆ. ಸೂಳೆಕೆರೆಗೆ ಬಂದರೆ ಪ್ರಶ್ನೆ ಇನ್ನೂ ವಿಚಿತ್ರವಾಗುತ್ತದೆ. ಎರಡು ಗುಡ್ಡಗಳ ನಡುವಿನ ಸಂದಿಗೆ ಏರಿ ಹಾಕಿ ಹರಿದ್ರಾ ಹಳ್ಳವನ್ನು ನಿಲ್ಲಿಸಿದ ಕೆರೆ ಅದು. ಶಾಂತವ್ವನ ಕಥೆಯನ್ನು ನಂಬಿದರೆ ರಾಜಕುಮಾರಿಯೊಬ್ಬಳ ಪುಣ್ಯಕಾರ್ಯ. ತೂಬುಗಳನ್ನು ನೋಡಿದರೆ ನೀರಾವರಿ. ಚಿತ್ರದುರ್ಗ ನಗರದ ನಲ್ಲಿಯನ್ನು ಕೇಳಿದರೆ ಕುಡಿಯುವ ನೀರು. ಎಂಟು ನೂರು ವರ್ಷಗಳ ಹಿಂದೆ ಅದನ್ನು ಯಾವ ಉದ್ದೇಶಕ್ಕೆ 'ಎಂದೇ' ಕಟ್ಟಿದರು ಎಂದು ಯಾವ ಕಚೇರಿಯ ಕಡತ ಹೇಳುತ್ತದೆ?

ಆ 'ಎಂದೇ' ಎಂಬ ಎರಡಕ್ಷರವೇ ಇಲ್ಲಿ ಮುಖ್ಯ. ನಿಯಮ ಕೇಳುತ್ತಿರುವುದು ಕೆರೆ ಈಗ ಏನು ಮಾಡುತ್ತಿದೆ ಎಂದಲ್ಲ, ಯಾಕೆ ಕಟ್ಟಿದ್ದರು ಎಂದು. ಮೊನ್ನೆ ತೋಡಿದ ಕೃಷಿ ಹೊಂಡವನ್ನೂ ನೂರಾರು ವರ್ಷಗಳಿಂದ ಹೂಳು, ಜೊಂಡು, ಮೀನು, ಹಕ್ಕಿ, ಮೀನುಗಾರರ ಬಲೆ ಎಲ್ಲವನ್ನೂ ಒಳಗೊಂಡು ಬೆಳೆದ ಕೆರೆಯನ್ನೂ ಒಂದೇ ತಕ್ಕಡಿಗೆ ಹಾಕುವ ಪ್ರಶ್ನೆ ಇದು. ಕಾರ್ಖಾನೆಯವರು ತಮ್ಮ ಕೊಳಕ್ಕೆ, ಪಾಲಿಕೆಯವರು ತಮ್ಮ ಓವರ್‌ಹೆಡ್ ಟ್ಯಾಂಕಿಗೆ ಈ ಕಾನೂನು ತಾಗಬಾರದು ಎಂಬ ಕಾಳಜಿ ನ್ಯಾಯವಾದದ್ದೇ ಇರಬಹುದು. ಆದರೆ ಆ ಕಾಳಜಿಗೆ ಬೀಸಿದ ಬಲೆಯಲ್ಲಿ ದಕ್ಷಿಣದ ಬಯಲುಸೀಮೆಯ ಕೆರೆಗಳೆಲ್ಲ ಸಿಕ್ಕಿಬಿದ್ದಿವೆ. ವ್ಯಾಖ್ಯೆ ಬರೆದವರ ಕಣ್ಣ ಮುಂದೆ ಹಿಮಾಲಯದ ಸರೋವರವೋ ಗಂಗೆಯ ಕುದುರೆಲಾಳದ ಕೊಳವೋ ಇದ್ದಿರಬೇಕು ಎಂದು ನನ್ನ ಅನುಮಾನ.

ಇದೇ ಸರ್ಕಾರ ರಾಮ್ಸರ್ ಪಟ್ಟಿಗೆ ಹೆಸರು ಕಳಿಸುವಾಗ ಮಾತ್ರ ಬೇರೆ ಕನ್ನಡಕ ಹಾಕಿಕೊಳ್ಳುತ್ತದೆ. ಕರ್ನಾಟಕದಲ್ಲಿ ಈಗ ನಾಲ್ಕು ರಾಮ್ಸರ್ ತಾಣಗಳಿವೆ. 2022ರಲ್ಲಿ ರಂಗನತಿಟ್ಟು ಸೇರಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಘೋಷಣೆಯಾದವು. ಮಾಗಡಿ ಸುಮಾರು ಐವತ್ತು ಹೆಕ್ಟೇರಿನ, ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲು ಕಟ್ಟಿದ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಅಲ್ಲಿ ಇಳಿಯುತ್ತವೆ. ಅಂಕಸಮುದ್ರ ನೂರು ಹೆಕ್ಟೇರಿಗೂ ಕಡಿಮೆಯ ಊರ ಕೆರೆ. ಹರಪನಹಳ್ಳಿ ದಾವಣಗೆರೆ ಜಿಲ್ಲೆಯಲ್ಲಿದ್ದ ದಿನಗಳಲ್ಲಿ ಅದು ನಮಗೆ ನೆರೆ ತಾಲ್ಲೂಕಿನ ಕೆರೆಯಾಗಿತ್ತು. ಅಲ್ಲಿನ ನೀರಿನಲ್ಲಿ ನಿಂತ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆ, ಬಾಯ್ಕಳಕಗಳು ಗೂಡು ಕಟ್ಟುತ್ತವೆ. ಎರಡೂ ಅಪ್ಪಟ ನೀರಾವರಿ ಕೆರೆಗಳು. ರಂಗನತಿಟ್ಟಿನ ನಡುಗಡ್ಡೆಗಳಿಗೂ ಕಾವೇರಿಗೆ ಅಡ್ಡಲಾಗಿ ಹಿಂದೆ ಕಟ್ಟಿದ ಕಟ್ಟೆಯೇ ಕಾರಣ. ದೇಶದ ಮೊದಲ ಎರಡು ರಾಮ್ಸರ್ ತಾಣಗಳಲ್ಲಿ ಒಂದಾದ ಭರತಪುರದ ಕೇವಲಾದೇವವೂ ರಾಜರು ಒಡ್ಡು ಹಾಕಿ ನೀರು ತಿರುಗಿಸಿದ್ದರಿಂದ ಹುಟ್ಟಿದ್ದು. ಜಗತ್ತಿಗೆ ತೋರಿಸುವಾಗ ಕಟ್ಟಿದ ಕೆರೆ ಹೆಮ್ಮೆ, ಮನೆಯೊಳಗಿನ ವ್ಯಾಖ್ಯೆಯಲ್ಲಿ ಅದೇ ಕೆರೆ ಲೆಕ್ಕಕ್ಕಿಲ್ಲ.

ಮಾಗಡಿ ಮತ್ತು ಅಂಕಸಮುದ್ರ ಪಾರಾದದ್ದು ಇನ್ನೊಂದು ದಾರಿಯಿಂದ ಎಂಬುದನ್ನೂ ಹೇಳಬೇಕು. ರಾಮ್ಸರ್ ಹೆಸರು ಬರುವ ಮೊದಲೇ ಅವೆರಡನ್ನೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿತ್ತು. ಸರ್ಕಾರಿ ಜಾಗವನ್ನು ಸುತ್ತಲಿನ ಜನರೊಡನೆ ಮಾತಾಡಿ, ಅಭಯಾರಣ್ಯದಷ್ಟು ಬಿಗಿಯಿಲ್ಲದೆ ಕಾಪಾಡುವ ವರ್ಗ ಇದು. ನಮ್ಮ ಎರಡು ಜಿಲ್ಲೆಗಳ ಕೆರೆಗಳಿಗೆ ಕೇಂದ್ರದ ವ್ಯಾಖ್ಯೆ ಬದಲಾಗುವವರೆಗೆ ಕಾಯಬೇಕಿಲ್ಲ ಎಂದು ಯಾರಾದರೂ ವಾದಿಸಿದರೆ ಈ ದಾರಿಯನ್ನೇ ತೋರಿಸಬಹುದು.

ರಾಮ್ಸರ್ ಪಟ್ಟಿಗೆ ಸೇರಲು ಒಂಬತ್ತು ಮಾನದಂಡಗಳಿವೆ; ಒಂದಕ್ಕೆ ಹೊಂದಿದರೂ ಸಾಕು. ಅಪರೂಪದ ಬಗೆಯ ಜಲಪ್ರದೇಶವೇ, ಅಳಿವಿನಂಚಿನ ಜೀವಿಗಳಿವೆಯೇ, ಮೀನುಗಳು ಮೊಟ್ಟೆಯಿಡುವ ಜಾಗವೇ ಎಂಬಂಥ ಪ್ರಶ್ನೆಗಳು. ಸುದ್ದಿಗೆ ಬರುವುದು ಹೆಚ್ಚಾಗಿ ಹಕ್ಕಿಗಳ ಎರಡು ಲೆಕ್ಕ: ತಪ್ಪದೆ ಇಪ್ಪತ್ತು ಸಾವಿರ ನೀರುಹಕ್ಕಿಗಳು ಬರುತ್ತವೆಯೇ, ಅಥವಾ ಒಂದು ಜಾತಿಯ ಆ ಭಾಗದ ಒಟ್ಟು ಸಂಖ್ಯೆಯಲ್ಲಿ ನೂರಕ್ಕೊಂದು ಪಾಲು ಇಲ್ಲಿ ಸೇರುತ್ತದೆಯೇ. 'ತಪ್ಪದೆ' ಎಂಬ ಮಾತು ಬಂದಲ್ಲಿ ಬಯಲುಸೀಮೆಯವರು ಸ್ವಲ್ಪ ನಿಲ್ಲಬೇಕು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ತಪ್ಪದೆ ಬರುವುದು ಬರ ಮಾತ್ರ. ಐದು ವರ್ಷ ಒಣಗಿ ಆರನೆಯ ವರ್ಷ ತುಂಬಿದ ಕೆರೆಗೆ ಆ ಒಂದು ವರ್ಷ ಹಕ್ಕಿಗಳು ಮುಗಿಬೀಳುತ್ತವೆ. ಸರಾಸರಿ ತೆಗೆದರೆ ಅಂಕಿ ನೆಲಕಚ್ಚುತ್ತದೆ.

ಇದನ್ನು ರಾಮ್ಸರ್ ಒಪ್ಪಂದದವರೂ ಕಂಡುಕೊಂಡಿದ್ದಾರೆ. ಅವರ ಮಾರ್ಗದರ್ಶಿಯಲ್ಲಿ, ಒಣಸೀಮೆಯ ತಾತ್ಕಾಲಿಕ ಜಲಪ್ರದೇಶಗಳು ಮತ್ತು ಬರಗಾಲದಲ್ಲಿ ಹಕ್ಕಿಗಳಿಗೆ ಆಸರೆಯಾಗುವ ತಾಣಗಳ ಮಹತ್ವವನ್ನು ಬರೀ ವರ್ಷಗಳ ಸರಾಸರಿ ತೋರಿಸಲಾರದು ಎಂಬ ಎಚ್ಚರಿಕೆ ಇದೆ. ಸುತ್ತಲ ಹತ್ತು ಕೆರೆ ಒಣಗಿದ ವರ್ಷ ಒಂದರಲ್ಲಿ ಮಾತ್ರ ನೀರಿದ್ದರೆ, ಆ ವರ್ಷದ ಮಟ್ಟಿಗೆ ಇಡೀ ಸೀಮೆಯ ಹಕ್ಕಿಗಳ ಉಳಿವು ಅದರ ಕೈಯಲ್ಲಿರುತ್ತದೆ.

ನಮ್ಮ ನಿಯಮಗಳಿಗೆ ಈ ಎಚ್ಚರಿಕೆ ಇಳಿದು ಬರಲಿಲ್ಲ. 2017ರ ನಿಯಮದ ಪ್ರಕಾರ ಅಧಿಸೂಚಿತ ಜಾಗದ ಸುತ್ತ ಐವತ್ತು ಮೀಟರ್ ಒಳಗೆ ದೋಣಿಕಟ್ಟೆ ಬಿಟ್ಟು ಬೇರೆ ಕಾಯಂ ಕಟ್ಟಡ ಕಟ್ಟುವಂತಿಲ್ಲ. ಐವತ್ತು ಮೀಟರ್ ಎಲ್ಲಿಂದ? ನಿಯಮ ಜಾರಿಯಾದ ದಿನದಿಂದ ಹಿಂದಿನ ಹತ್ತು ವರ್ಷಗಳಲ್ಲಿ ಕಂಡ ಗರಿಷ್ಠ ನೀರಿನ ಮಟ್ಟಗಳ ಸರಾಸರಿಯಿಂದ. ಅಂದರೆ 2007ರಿಂದ 2017ರವರೆಗೆ.

ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ, ಈ ನಿಯಮ ಅನ್ವಯಿಸುತ್ತದೆ ಎಂದು ಒಂದು ಕ್ಷಣ ಇಟ್ಟುಕೊಳ್ಳೋಣ. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿದ, 30 ಟಿಎಂಸಿ ಅಡಿ ನೀರು ಹಿಡಿಯುವ ಜಲಾಶಯ. 130 ಅಡಿಗೆ ನೀರು ಬಂದರೆ ಕೋಡಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ. ಆಗ ಹಿರಿಯೂರಿನ ಜನ ಬಾಗಿನ ಅರ್ಪಿಸಲು, ನೋಡಲು ಜಾತ್ರೆಯಂತೆ ಸೇರಿದರು. ಇತ್ತ ಹಿನ್ನೀರಿನ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳಲ್ಲಿ ಹೊಲ-ತೋಟಗಳಿಗೆ ನೀರು ನುಗ್ಗಿತು. ಮೂರು ತಲೆಮಾರು ನೀರು ಕಾಣದ ನೆಲದಲ್ಲಿ ತೆಂಗು ಇಟ್ಟವರನ್ನು ಒತ್ತುವರಿದಾರರು ಎಂದು ಒಂದೇ ಮಾತಿನಲ್ಲಿ ಬೈಯುವುದು ಸುಲಭ. ನೀರಿನ ನೆನಪೇ ಅಳಿದಿದ್ದ ಜಾಗ ಅದು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. 2007–2017ರ ಸರಾಸರಿ ಹಿಡಿದು ಗೆರೆ ಎಳೆದಿದ್ದರೆ ಆ ಗೆರೆಯೂ ಅದರಾಚೆಯ ಐವತ್ತು ಮೀಟರಿನ ಪಟ್ಟಿಯೂ ಈ ಎರಡೂ ಬಾರಿ ನೀರಿನ ಕೆಳಗೆ ಇರುತ್ತಿದ್ದವು.

ಮಲೆನಾಡಿನಲ್ಲಿ ಹತ್ತು ವರ್ಷದ ಸರಾಸರಿಗೆ ಅರ್ಥವಿದೆ. ಅಲ್ಲಿ ಒಂದು ಮಳೆಗಾಲ ಇನ್ನೊಂದರ ಹಾಗೇ ಇರುತ್ತದೆ. ಬಯಲುಸೀಮೆಯ ಕೆರೆ ಸರಾಸರಿಯಲ್ಲಿ ಬದುಕುವುದಿಲ್ಲ. ಅದು ಒಂದೋ ಬೋಳು ಅಂಗಳ, ಇಲ್ಲವೇ ಕೋಡಿ.

ಇನ್ನೊಂದು ತೊಡಕು ಈಚೆಗೆ ಬಂದದ್ದು. ಜಗಳೂರು ತಾಲ್ಲೂಕಿನ 57 ಕೆರೆಗಳಿಗೆ ಹರಿಹರದ ಬಳಿ ತುಂಗಭದ್ರೆಯಿಂದ ಪೈಪಿನಲ್ಲಿ ನೀರು ಏರಿಸಿ ತುಂಬಿಸುವ ಯೋಜನೆ ನಮ್ಮೆಲ್ಲರಿಗೂ ಗೊತ್ತು. ಭರಮಸಾಗರದ ಕಡೆಯೂ ಇಂಥದೇ ಇದೆ. ಕುಡಿಯಲು ಫ್ಲೋರೈಡ್ ನೀರಷ್ಟೇ ಗತಿಯಾಗಿದ್ದ ಊರುಗಳಲ್ಲಿ ಕೆರೆ ತುಂಬಿದ ದಿನ ಜನ ಅತ್ತದ್ದನ್ನು ಕಂಡವರು ಈ ಯೋಜನೆಯ ಬಗ್ಗೆ ಹಗುರವಾಗಿ ಮಾತಾಡಲಾರರು. ನಾನೂ ಆಡುವುದಿಲ್ಲ. ಆದರೆ ಮೌಲ್ಯಮಾಪನದ ಮಟ್ಟಿಗೆ ಪ್ರಶ್ನೆಯಂತೂ ಏಳುತ್ತದೆ. ನಿಯಮಗಳು ಕಾಪಾಡು ಎಂದು ಹೇಳುವುದು ಜಾಗದ 'ಪರಿಸರ ಲಕ್ಷಣ'ವನ್ನು: ನೀರು ಬರುವ ಹೋಗುವ ಬಗೆ, ಮಣ್ಣು, ಗಿಡ, ಪ್ರಾಣಿ, ಜನರ ಬಳಕೆ ಎಲ್ಲ ಸೇರಿದ ಒಟ್ಟು ಗುಣ. ಮಳೆಯನ್ನೇ ನೆಚ್ಚಿ ಬೇಸಿಗೆಯಲ್ಲಿ ಒಣಗುತ್ತಿದ್ದ ಕೆರೆ ಈಗ ವರ್ಷವಿಡೀ ನದಿಯ ನೀರು ಹಿಡಿದು ನಿಂತರೆ, ಯಾವುದು ಅದರ ನಿಜವಾದ ಲಕ್ಷಣ? ಒಣ ಅಂಗಳದಲ್ಲಿ ಮೇಯುತ್ತಿದ್ದ ಕುರಿಮಂದೆಗೆ, ಇಳಿಯುವ ನೀರಿನ ಅಂಚಿನ ಕೆಸರಿನಲ್ಲಿ ಹುಳು ಹೆಕ್ಕುತ್ತಿದ್ದ ಗದ್ದೆಗೊರವಗಳಿಗೆ ತುಂಬಿದ ಕೆರೆ ಎಂದರೆ ಜಾಗ ತಪ್ಪಿದಂತೆ. ಮುಳುಗು ಹಾಕುವ ಬಾತುಗಳಿಗೆ, ನಾಮದ ಕೋಳಿಗಳಿಗೆ ಹಬ್ಬ. ಆರೋಗ್ಯ ಪತ್ರದಲ್ಲಿ ಅಂಕ ಏರುತ್ತದೆಯೋ ಇಳಿಯುತ್ತದೆಯೋ ಎಂಬುದು ಯಾವ ವರ್ಷವನ್ನು ಮೂಲವಾಗಿ ಹಿಡಿಯುತ್ತೀರಿ ಎಂಬುದರ ಮೇಲಿದೆ.

ಆರೋಗ್ಯ ಪತ್ರ ಎಂದೆನಲ್ಲ, ಅದು ಕೇಂದ್ರ ಸಚಿವಾಲಯ ಈಚಿನ ವರ್ಷಗಳಲ್ಲಿ ತಂದ ಒಂದು ಉಪಯುಕ್ತ ಪದ್ಧತಿ. ವಿಸ್ತೀರ್ಣ ಕುಗ್ಗಿದೆಯೇ, ನೀರು ಬರುವ ಹಳ್ಳಗಳು ತೆರೆದಿವೆಯೇ, ಚರಂಡಿ ಸೇರುತ್ತಿದೆಯೇ, ಅಂತರಗಂಗೆ ಎಷ್ಟು ಹಬ್ಬಿದೆ, ಹಕ್ಕಿಗಳು ಏನಾಗುತ್ತಿವೆ, ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದೆಲ್ಲ ನೋಡಿ ದರ್ಜೆ ಕೊಡುತ್ತಾರೆ. ವರ್ಷಗಟ್ಟಲೆ ಅಧ್ಯಯನ ಬೇಕಿಲ್ಲ. ಒಬ್ಬ ತಿಳಿದವರು, ಒಬ್ಬ ಊರಿನವರು ಸೇರಿ ಹೆಚ್ಚಿನದನ್ನು ತುಂಬಬಹುದು. ಕೆರೆ ಅಭಿವೃದ್ಧಿಯ ಅಂದಾಜು ಪಟ್ಟಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಂದಾಜು ಪಟ್ಟಿಯಲ್ಲಿ ಹೂಳು ಎಷ್ಟು ಘನ ಮೀಟರ್, ಏರಿಯ ಮೇಲೆ ನಡಿಗೆ ಪಥ ಎಷ್ಟು ಮೀಟರ್, ದೀಪದ ಕಂಬ ಎಷ್ಟು ಎಂದಿರುತ್ತದೆ. ಮೊಣಕಾಲುದ್ದದ ನೀರಿನ ಅಂಚಿಗೆ ಅಲ್ಲಿ ಕಲಮು ಇಲ್ಲ. ಜೆಸಿಬಿ ಇಳಿಸಿ ದಡವನ್ನು ಗೋಡೆಯಂತೆ ಕೆತ್ತಿದರೆ ಕೆರೆ ಬಾನಿಯಾಗುತ್ತದೆ. ಬಿಲ್ಲು ಪಾಸಾಗುತ್ತದೆ; ಕೊಕ್ಕರೆಗೆ ಕಾಲೂರಲು ಜಾಗವಿರುವುದಿಲ್ಲ.

ಇನ್ನು ಕೆರೆಯ ಯಜಮಾನರು ಯಾರು ಎಂಬುದು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ, ಕಡಿಮೆಯಿದ್ದರೆ ಪಂಚಾಯತ್ ರಾಜ್, ಮೀನಿನ ಹರಾಜಿಗೆ ಮೀನುಗಾರಿಕೆ, ಗಡಿಗೆ ಕಂದಾಯ, ಹಕ್ಕಿಗೆ ಅರಣ್ಯ. ಎಲ್ಲದರ ಮೇಲೆ 2014ರ ಕಾಯ್ದೆಯಿಂದ ಬಂದ ಕೆರೆ ಪ್ರಾಧಿಕಾರ. ಕೆರೆಯ ಸುತ್ತ ಮೂವತ್ತು ಮೀಟರ್ ಮೀಸಲು ಅಂಚು ಇರಬೇಕು ಎಂಬ ರಾಜ್ಯದ ರಕ್ಷಣೆ ಈ ಕಾಯ್ದೆಯದು. ಕೇಂದ್ರದ ವ್ಯಾಖ್ಯೆಯಿಂದ ಹೊರಬಿದ್ದ ನಮ್ಮ ಕೆರೆಗಳಿಗೆ ಉಳಿದ ಗಟ್ಟಿ ಆಸರೆ ಇದೇ. 2025ರಲ್ಲಿ ವಿಧಾನಮಂಡಲದ ಮುಂದೆ ಬಂದ ತಿದ್ದುಪಡಿ ಮಸೂದೆ ಈ ಅಂಚನ್ನು ಕೆರೆಯ ಗಾತ್ರಕ್ಕೆ ತಕ್ಕಂತೆ ಇಳಿಸಲು ಹೊರಟಿತು: ಕೆರೆ ಸಣ್ಣದಾದಷ್ಟೂ ಅಂಚು ಕಿರಿದು. ಅಲ್ಲಿ ಉಪಗ್ರಹದ ಮೂರು ಮಿಲಿಮೀಟರ್, ಇಲ್ಲಿ ಎಕರೆ ಲೆಕ್ಕದ ಮೆಟ್ಟಿಲು. ಎರಡರಲ್ಲೂ ಸೋಲುವುದು ಕುಂಟೆ-ಕಟ್ಟೆಗಳೇ. ನೆರೆಯ ನಾಲ್ಕು ಕಟ್ಟೆಗಳು ತುಂಬಿ ಹರಿದರೆ ಮಾತ್ರ ಕೆಳಗಿನ ದೊಡ್ಡ ಕೆರೆಗೆ ನೀರು ಎಂಬುದನ್ನು ಸರಣಿ ಕೆರೆ ಕಟ್ಟಿದ ಪಾಳೆಯಗಾರರ ಕಾಲದವರು ಬಲ್ಲವರಾಗಿದ್ದರು.

ಅಧಿಸೂಚನೆ ಎಂದ ಕೂಡಲೇ ರೈತರು, ಮೀನುಗಾರರು ಹೆದರುತ್ತಾರೆ. ಆ ಹೆದರಿಕೆಗೆ ಕಾರಣವೂ ಇದೆ. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದದ್ದನ್ನು ನೋಡಿದ ಜನ ಇವರು. ಸರ್ಕಾರಿ ಕಾಗದದಲ್ಲಿ ಒಂದು ಶಬ್ದ ಬದಲಾದರೆ ದನಕ್ಕೆ ಮೇವು ತಪ್ಪುತ್ತದೆ ಎಂಬುದು ಅವರಿಗೆ ಅನುಭವದ ಮಾತು. 2017ರ ನಿಯಮಗಳಲ್ಲಿ ಇದಕ್ಕೆ ಉತ್ತರ ಇಲ್ಲದಿಲ್ಲ. ಒಂದು ಜಾಗವನ್ನು ಅಧಿಸೂಚಿಸುವ ಮೊದಲು ಸಿದ್ಧಪಡಿಸಬೇಕಾದ ಸಂಕ್ಷಿಪ್ತ ದಾಖಲೆಯಲ್ಲಿ ನಕ್ಷೆ, ನೀರು ಹರಿದು ಬರುವ ಪ್ರಭಾವ ವಲಯ, ಪರಿಸರ ಲಕ್ಷಣ, ಇವುಗಳ ಜೊತೆಗೆ ಮೊದಲಿನಿಂದ ಇರುವ ಹಕ್ಕುಗಳು, ಅನುಮತಿಸಬಹುದಾದ ಚಟುವಟಿಕೆಗಳು ಎಂಬ ಕಲಮುಗಳಿವೆ. ಬೇಸಿಗೆಯಲ್ಲಿ ಹೊಲಕ್ಕೆ ಹೂಳು ಹೊಡೆಯುವುದು, ಅಂಗಳದಲ್ಲಿ ಮಂದೆ ಮೇಯಿಸುವುದು, ಬಲೆ ಬೀಸುವುದು, ತೂಬು ಎತ್ತುವುದು, ಎಲ್ಲವನ್ನೂ ಅಲ್ಲಿ ಬರೆಸಬಹುದು. ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ ಅರವತ್ತು ದಿನ ಇರುತ್ತದೆ. ಆ ಕರಡು ಕನ್ನಡದಲ್ಲಿ, ಪಂಚಾಯಿತಿಯ ಗೋಡೆಗೆ ಬಂದು ಅಂಟಿದರೆ ಮಾತ್ರ ಅರವತ್ತು ದಿನಕ್ಕೆ ಬೆಲೆ.

ನನಗೆ ಕೇಳಿದರೆ, ವ್ಯಾಖ್ಯೆಯಲ್ಲಿರುವ 'ಎಂದೇ' ತೆಗೆಯಲು ದಿಲ್ಲಿಯವರೆಗೆ ಹೋಗಬೇಕು. ಗೆರೆ ಎಳೆಯುವ ವಿಧಾನ ತಿದ್ದಲು ಅಷ್ಟು ದೂರ ಬೇಡ. ಹೈದರಾಬಾದಿನ ಸುತ್ತ ಕೆರೆಗಳ ಗಡಿಯನ್ನು ಪೂರ್ಣ ತುಂಬಿದ ಮಟ್ಟದಿಂದ ಗುರುತಿಸುತ್ತಾರೆ. ನಮ್ಮಲ್ಲಿ ಅದಕ್ಕೆ ಬೇರೆ ಹೆಸರು ಹುಡುಕಬೇಕಾಗಿಲ್ಲ, ಕೋಡಿ ಮಟ್ಟ ಎಂದರೆ ಮುಗಿಯಿತು. ಪ್ರತಿ ಕೆರೆಗೂ ಕೋಡಿ ಇದೆ, ಕೋಡಿಗೆ ಎತ್ತರ ಇದೆ. ಅದು ಬರಕ್ಕೆ ತಗ್ಗುವುದಿಲ್ಲ, ಪೈಪಿನ ನೀರಿಗೆ ಏರುವುದಿಲ್ಲ. ಆ ಎತ್ತರವನ್ನು ಹಿಡಿದು ಅಂಗಳದ ಸುತ್ತ ಒಂದು ಗೆರೆ ಓಡಿಸಿದರೆ ಕೆರೆ ಎಲ್ಲಿಯವರೆಗೆ ಕೆರೆ ಎಂಬುದು ತಿಳಿಯುತ್ತದೆ. ಹರಿಹರದ ಆ ಕೆರೆಯ ನೀರುಗಂಟಿಗೆ ಈ ಗೆರೆ ಬಾಯಿಪಾಠವಾಗಿದೆ. ಯಾವ ಬೇವಿನ ಮರದ ಬುಡಕ್ಕೆ ನೀರು ಬಂದರೆ ಕೋಡಿ ಬೀಳಲು ಎರಡು ದಿನ ಉಳಿಯಿತು ಎಂದು ಅವರು ನನಗೆ ತೋರಿಸಿದ್ದರು. ಮರದ ಆಚೆ ಯಾರದೋ ಅಡಿಕೆ ತೋಟ. ಈಚೆಗೂ ಎರಡು ಸಾಲು ಬಂದಿದ್ದವು.